ಹೆಪ್ಪುಗಟ್ಟಿದ ಹೆಗಲು

ಕರಿಹಲಗೆಯ ಮೇಲಂಚಿನಲ್ಲಿ ತಾರೀಖು ಬರೆಯುವ ಕೆಲಸವು ಜೂನಿನಿಂದ ನಮ್ಮ ಕೈ ತಪ್ಪಿದೆ. ಏಳನೆಯ ಇಯತ್ತೆಯ ಎತ್ತರದ ಹುಡುಗನೊಬ್ಬನು ಅದನ್ನು ನೆರವೇರಿಸುತ್ತಾನೆ. ನಮ್ಮ ಬಲದೋಳು ಹೆಗಲಿನ ಮಟ್ಟದಿಂದ ಮೇಲೇರದು. ಲೋಕಲ್ ಗಾಡಿಯ ಹಿಡಿಕೆಗೂ ಎಡಗೈಯೇ ಗತಿ. ಕೀಲನ್ನು ಕವಿದ ಚೀಲವು ದಪ್ಪಗಾಗಿ ಬಿಗಿದಿದೆಯೆಂದೂ, ಮಧುಮೇಹಿಗಳಲ್ಲಿ ಇದು ಹೆಚ್ಚೆಂದೂ ವೈದ್ಯರು ತಿಳಿಸಿದರು. ಅಮೆರಿಕದ ಶಸ್ತ್ರವೈದ್ಯ ಕಾಡ್ಮನ್ನರು 1934ರಲ್ಲಿ ಇದಕ್ಕೆ ‘ಹೆಪ್ಪುಗಟ್ಟಿದ ಹೆಗಲು’ ಎಂದು ಹೆಸರಿಟ್ಟರು.

ಚಿಕಿತ್ಸೆಯೋ ಬರಿಯ ಮಕ್ಕಳಾಟ! ಬಾಗಿ ನಿಂತು ತೋಳನ್ನು ಲೋಲಕದಂತೆ ತೂಗಬೇಕು. ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸಬೇಕು. ಆಟವೆಂದು ನಕ್ಕ ನಮ್ಮ ಕಣ್ಣಲ್ಲಿ ಮೊದಲ ದಿನವೇ ನೀರೂರಿತು. “ನೋವೆಂದು ಕೈ ಕಟ್ಟಿಕೊಂಡು ಕುಳಿತರೆ ಇನ್ನೂ ಬಿಗಿಯುತ್ತದೆ, ಸರ್,” ಎಂದಳು ಫಿಸಿಯೋಥೆರಪಿಯ ತರುಣಿ.

ಈಗ ಬೆರಳು ಹಲಗೆಯ ಮೇಲಂಚಿಗೆ ನಾಲ್ಕಂಗುಲ ಕೆಳಗೆ ನಿಲ್ಲುತ್ತದೆ. ನಮ್ಮ ನಿವೃತ್ತಿಗೆ ಉಳಿದಿರುವುದು ಮೂರು ತಿಂಗಳು.