ಬಡಿತದ ಮೂಲ

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲಿರುವ ಬಾಶೆಟ್ಟಿಹಳ್ಳಿ ಇಂದು ಕಾರ್ಖಾನೆಗಳ ನೆಲೆ. 1980ರ ದಶಕದ ಆರಂಭದಲ್ಲಿ ಅಲ್ಲಿ ರಸ್ತೆಬದಿಯ ಹುಣಸೆಮರದ ಕೆಳಗೆ ಮೋಟಾರು ರಿಪೇರಿಯವನೊಬ್ಬನ ತಗಡಿನ ಶೆಡ್ಡು ಇತ್ತು. ಒಂದು ಮುಂಜಾನೆ ಅದರ ಮುಂದೆ ಹಳೆಯ ಅಂಬಾಸಡರ್ ಕಾರೊಂದು ಬಂದು ನಿಂತಿತು. ಇಳಿದವರು ನಿವೃತ್ತ ಗಣಿತೋಪಾಧ್ಯಾಯರು. ಹಣೆಯ ಮೇಲೆ ವಿಭೂತಿ, ಮುಖದಲ್ಲಿ ಚಿಂತೆ.

ಚಿಂತೆಗೆ ಕಾರಣವಿತ್ತು. ನಿವೃತ್ತಿಯ ಹಣದ ಒಂದು ಪಾಲನ್ನು ತೆತ್ತು ಕೊಂಡಿದ್ದ ಆ ಕಾರಿನ ಎಂಜಿನ್ನಿನಿಂದ, ಒಳಗೆ ಯಾರೋ ಸುತ್ತಿಗೆ ಹಿಡಿದು ಕುಳಿತಿರುವರೋ ಎಂಬಂತೆ, ಹದಿನೈದು ದಿನಗಳಿಂದ ಬಡಿತ ಕೇಳಿಬರುತ್ತಿತ್ತು. ಮೊದಲು ತೋರಿಸಿದ ಕಡೆ ಇದು ಪೆಟ್ರೋಲಿನ ದೋಷವೆಂದು ಹೇಳಿ, ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಕಿಡಿ ಹಾರುವ ವೇಳೆಯನ್ನು ತಡಮಾಡಿದರು. ಕಾರಿನ ಶಕ್ತಿ ಕುಂದಿತೇ ಹೊರತು ಸದ್ದು ಕುಂದಲಿಲ್ಲ. ಎರಡನೆಯ ಕಡೆ, ಬೇರಿಂಗು ಸವೆದಿದೆ, ಎಂಜಿನ್ನನ್ನೇ ಕೆಳಗಿಳಿಸಬೇಕು ಎಂದರು. ಅವರು ಹೇಳಿದ ಮೊತ್ತವು ಕಿರಿಯ ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣವನ್ನೂ ಮೀರುವಂತಿತ್ತು.

ಶೆಡ್ಡಿನ ಯುವಕ ನೇಕಾರರ ಮನೆಯವನು. ದೊಡ್ಡಬಳ್ಳಾಪುರ ರೇಷ್ಮೆ ಸೀರೆಗಳ ಊರು. ವಿದ್ಯುತ್ ಮಗ್ಗಗಳ ಗದ್ದಲದಲ್ಲಿ ಬೆಳೆದವರ ಕಿವಿಗೆ, ಹತ್ತು ಮಗ್ಗಗಳು ಒಟ್ಟಿಗೆ ಓಡುತ್ತಿರುವಾಗಲೂ ತಾಳ ತಪ್ಪಿದ ಒಂದು ಮಗ್ಗ ಬೇರೆಯಾಗಿ ಕೇಳಿಸುತ್ತದೆ. ನೆರೆಯ ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಎಷ್ಟು ಶ್ರಮಿಸಿದರೂ ಮೋಟಾರು ಕಾರ್ಖಾನೆಯೊಂದು ಆಗ ಬೆಂಗಳೂರಿಗೆ ಬರಲಿಲ್ಲ. ಈ ಸೀಮೆಯ ಅನೇಕ ಹುಡುಗರು ಮೋಟಾರು ವಿದ್ಯೆಯನ್ನು ಮರದ ನೆರಳಿನಲ್ಲಿಯೇ ಕಲಿಯಬೇಕಾಯಿತು.

ಯುವಕ ಸ್ಪ್ಯಾನರು ಮುಟ್ಟಲಿಲ್ಲ. ಬಾನೆಟ್ಟು ಎತ್ತಿ, ಎಂಜಿನ್ನು ಓಡಿಸಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತ.

“ತಣ್ಣಗಿರುವಾಗ ಹೆಚ್ಚೋ, ಬಿಸಿಯಾದ ಮೇಲೆ ಹೆಚ್ಚೋ ಮೇಷ್ಟ್ರೇ?”

“ಎರಡೂ ಹೊತ್ತು ಒಂದೇ ಸಮ ಕಣಪ್ಪ.”

“ನಂದಿಬೆಟ್ಟದ ಏರಿನಲ್ಲಿ?”

“ಅಲ್ಲಿಯೂ ಅಷ್ಟೇ. ನಿಂತಲ್ಲಿಯೂ ಅಷ್ಟೇ.”

ಈ ಪ್ರಶ್ನೆಗಳು ಹೊತ್ತು ಕಳೆಯಲು ಕೇಳಿದವಲ್ಲ. ಕಿಡಿಯಿಂದ ಹೊತ್ತಿದ ಉರಿ ಸಿಲಿಂಡರಿನಲ್ಲಿ ಕ್ರಮವಾಗಿ ಹರಡುವ ಮುನ್ನವೇ, ಮೂಲೆಯಲ್ಲಿ ಉಳಿದ ಅನಿಲ ಒತ್ತಡಕ್ಕೂ ಶಾಖಕ್ಕೂ ತಾನಾಗಿ ಸಿಡಿದರೆ ಟಣಟಣ ಸದ್ದಾಗುತ್ತದೆ. ಅದು ಏರಿನಲ್ಲಿ, ಭಾರದಲ್ಲಿ ಕೇಳುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನಿಲ್ಲುತ್ತದೆ. ಇದನ್ನು ತಡೆಯಲೆಂದೇ ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಆ ವಿಷ ಭಾರತದ ಪೆಟ್ರೋಲಿನಿಂದ ತೊಲಗಿದ್ದು 2000ದಲ್ಲಿ. ಈಗಿನ ಅನೇಕ ಕಾರುಗಳಲ್ಲಿ ಈ ಸಿಡಿತವನ್ನು ಗುರುತಿಸಿ ಕಿಡಿಯ ವೇಳೆಯನ್ನು ತಾನೇ ತಿದ್ದುವ ಸಾಧನವಿರುತ್ತದೆ. ಆಗ ಇದ್ದುದು ಕಿವಿಯೊಂದೇ. ಪಿಸ್ಟನ್ನು ಸಡಿಲವಾಗಿದ್ದರೆ ತಣ್ಣಗಿರುವಾಗ ಬಡಿದು, ಬಿಸಿಯಾದಂತೆ ಹಿಗ್ಗಿ ಮೆತ್ತಗಾಗುತ್ತದೆ. ಟ್ಯಾಪೆಟ್ಟಿನ ಸದ್ದು ಹಗುರ. ಎಂಜಿನ್ನು ಎರಡು ಸುತ್ತು ತಿರುಗಿದಾಗ ಪ್ರತಿ ಟ್ಯಾಪೆಟ್ಟು ಒಮ್ಮೆ ಮಾತ್ರ ಎದ್ದಿಳಿಯುವುದರಿಂದ ಅದರ ಲಯವೂ ನಿಧಾನ. ಇಲ್ಲಿದ್ದ ಬಡಿತ ಇವಾವುದೂ ಅಲ್ಲ. ಹಾಗಾದರೆ ಬೇರಿಂಗೇ ಇರಬೇಕೆಂದು ಮೇಷ್ಟ್ರ ಎದೆ ಕುಸಿಯಿತು.

ಯುವಕ ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದ. ಮಟ್ಟ ಸರಿಯಾಗಿತ್ತು, ಬೆರಳಿಗೆ ಲೋಹದ ಪುಡಿ ಹತ್ತಲಿಲ್ಲ. ಅನಂತರ ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ನಾಲ್ಕು ಪ್ಲಗ್ಗುಗಳ ಕಿಡಿಯನ್ನು ಒಂದೊಂದಾಗಿ ತಪ್ಪಿಸಿದ. ಕಿಡಿ ತಪ್ಪಿದ ಸಿಲಿಂಡರಿನಲ್ಲಿ ಸ್ಫೋಟವಿಲ್ಲ. ಅದರ ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿದ್ದರೆ ಅದರ ಮೇಲಿನ ಹೊಡೆತ ತಗ್ಗಿ ಸದ್ದು ಮಂಕಾಗಬೇಕು. ಒಂದು, ಎರಡು, ಮೂರು, ನಾಲ್ಕು. ಎಂಜಿನ್ನು ಪ್ರತಿ ಸಲವೂ ತಡವರಿಸಿತು, ಬಡಿತ ಮಾತ್ರ ಇದ್ದಂತೆಯೇ ಇತ್ತು.

“ಇದು ಒಳಗಿನ ಸದ್ದಲ್ಲ ಮೇಷ್ಟ್ರೇ” ಎಂದು ಎಂಜಿನ್ನು ನಿಲ್ಲಿಸಿ, ಡೈನಮೋವನ್ನು ಸಡಿಲಿಸಿ ಫ್ಯಾನ್ ಬೆಲ್ಟನ್ನು ಕಳಚಿದ. ಬೆಲ್ಟಿಲ್ಲದೆ ನೀರಿನ ಪಂಪೂ ಫ್ಯಾನೂ ತಿರುಗವು. ಹೆಚ್ಚು ಹೊತ್ತು ಓಡಿಸಿದರೆ ಎಂಜಿನ್ನು ಕಾದು ಕೆಡುತ್ತದೆ. ಅರ್ಧ ನಿಮಿಷ ಮಾತ್ರ ಓಡಿಸಿದ. ಎಂಜಿನ್ನು ಸದ್ದಿಲ್ಲದೆ ಸಮನಾಗಿ ಓಡಿತು.

ದೋಷವಿದ್ದುದು ಡೈನಮೋದ ಪುಲ್ಲಿಯಲ್ಲಿ. ಅದನ್ನು ದಂಡಕ್ಕೆ ಹಿಡಿದಿಡುವ ಅರ್ಧಚಂದ್ರಾಕಾರದ ಸಣ್ಣ ಕೀ ಸವೆದು, ನಟ್ಟು ಸಡಿಲವಾಗಿ, ಪುಲ್ಲಿಯು ದಂಡದ ಮೇಲೆ ಕುಟ್ಟುತ್ತಿತ್ತು. ಹೊಸ ಕೀ ಕೂರಿಸಿ, ನಟ್ಟು ಬಿಗಿದು, ಬೆಲ್ಟನ್ನು ಹಿಂದಿನಂತೆ ಹಾಕಲು ಒಂದು ಗಂಟೆಯೂ ಹಿಡಿಯಲಿಲ್ಲ. ಇಷ್ಟಕ್ಕಾಗಿ ಎಂಜಿನ್ನು ಇಳಿಸಿದ್ದರೆ ಹಣವೂ ಹೋಗಿ, ಹಳೆಯ ಪುಲ್ಲಿಯನ್ನೇ ಮತ್ತೆ ಹಾಕಿದಾಗ ಸದ್ದೂ ಉಳಿಯುತ್ತಿತ್ತು!

ಮೇಷ್ಟ್ರು ಕಲ್ಲಿನ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಆಮೇಲೆ ಏನೋ ನೆನಪಾದವರಂತೆ, “ನಾನು ಮೇಷ್ಟ್ರೆಂದು ನಿನಗೆ ಹೇಗೆ ತಿಳಿಯಿತಪ್ಪಾ?” ಎಂದು ಕೇಳಿದರು.

“ಮಠದ ಶಾಲೆಯಲ್ಲಿ ನಿಮ್ಮ ತರಗತಿಯಲ್ಲೇ ಇದ್ದೆ. ಗಣಿತದಲ್ಲಿ ಎರಡು ಸಲ ಫೇಲಾಗಿ ಬಿಟ್ಟೆ.”

ಅವನ ಅಂಕಗಳನ್ನು ಕೆಂಪು ಶಾಯಿಯಲ್ಲಿ ಬರೆದವರು ತಾವೇ. ಆ ಮುಖ ಅವರಿಗೆ ನೆನಪಿಗೆ ಬರಲಿಲ್ಲ; ಅದನ್ನು ಮರೆಮಾಚಲೂ ಇಲ್ಲ. “ನಿನ್ನನ್ನು ನಾನು ಸರಿಯಾಗಿ ನೋಡಲೇ ಇಲ್ಲವಲ್ಲಪ್ಪಾ” ಎಂದಷ್ಟೇ ಹೇಳಿದರು.

ಅವನು ಕೇಳಿದ್ದು ಕೀ ಮತ್ತು ನಟ್ಟಿನ ಬೆಲೆ ಮಾತ್ರ. ಕಾಯಕದ ಕೂಲಿಯನ್ನು ಬಿಡಬಾರದೆಂದು ಮೇಷ್ಟ್ರು ಹಟ ಹಿಡಿದ ಮೇಲೆ ಹತ್ತು ರೂಪಾಯಿ ತೆಗೆದುಕೊಂಡ. ಹೊರಡುವ ಮುನ್ನ, ಮೊದಲನೆಯವರು ತಡಮಾಡಿದ್ದ ಕಿಡಿಯ ವೇಳೆಯನ್ನೂ ತಾನಾಗಿಯೇ ಸರಿಪಡಿಸಿಕೊಟ್ಟ.