ಆಲೆಮರದ ಗಾಡಿ ಮತ್ತು ಎಂಟನೇ ಕ್ಲಾಸು

ಕಳೆದ ಮಾರ್ಚಿನಲ್ಲಿ ತಂಗಿಯ ಇಬ್ಬರು ಮಕ್ಕಳು ಪರೀಕ್ಷೆಗೆ ಓದಿಕೊಳ್ಳಲೆಂದು ನಾಲ್ಕು ದಿನ ನಮ್ಮ ಮನೆಗೆ ಬಂದಿದ್ದರು. ಹುಡುಗಿ ಏಳನೇ ತರಗತಿ, ಹುಡುಗ ಐದನೆಯದು. ವಿಜ್ಞಾನದ ರಿವಿಜನ್ ಮಾಡಿಸುವ ಜವಾಬ್ದಾರಿ ನಮ್ಮ ತಲೆಗೆ ಬಿತ್ತು. ಕಥೆ ಬರೆಯುವವರಿಗೆ ವಿಜ್ಞಾನದ ಗೊಡವೆ ಏಕೆ ಎಂದು ತಪ್ಪಿಸಿಕೊಳ್ಳಲು ನೋಡಿದೆವು. ತಂಗಿ ಬಿಡಲಿಲ್ಲ. “ನೀವು ಓದಿದ್ದನ್ನೇ ಹೇಳಿಕೊಡಿ ಭಾಯ್” ಎಂದಳು. ಕಷ್ಟವಿದ್ದದ್ದು ಅಲ್ಲಿಯೇ. ನಾವು ಓದಿದ್ದು ಎರಡು ಭಾಷೆಗಳಲ್ಲಿ. ಏಳರವರೆಗೆ ಉರ್ದು, ಎಂಟರಿಂದ ಕನ್ನಡ. ಈ ಮಕ್ಕಳದು ಇಂಗ್ಲಿಷ್. ಒಂದೇ ಟಾರ್ಚ್ ಬಲ್ಬಿನ ಮುಂದೆ ಮೂರು ಭಾಷೆಗಳು ಬಂದು ಕುಳಿತವು.

ಮೊದಲ ದಿನ ಸರಳ ಯಂತ್ರಗಳು. ಹುಡುಗ ಸನ್ನೆಕೋಲಿನ ಮೂರು ವರ್ಗಗಳನ್ನು ಗಿಣಿಯಂತೆ ಒಪ್ಪಿಸಿದ. ಅಡುಗೆಮನೆಯಿಂದ ಒಂದು ತೆಗೆದುಕೊಂಡು ಬಾ ಎಂದರೆ ಬೆಪ್ಪಾಗಿ ನಿಂತ. ಆಗ ನಮ್ಮ ಅಮ್ಮಿ ತಮ್ಮ ಪಾನದಾನಿನಿಂದ ಸರೋತಾ ತೆಗೆದು ಅವನ ಕೈಗಿಟ್ಟರು. ಅಡಕತ್ತರಿಯ ಕೀಲು ಒಂದು ತುದಿಯಲ್ಲಿ, ಅಡಿಕೆ ನಡುವೆ, ಕೈ ಇನ್ನೊಂದು ತುದಿಯಲ್ಲಿ. ಇದೇ ಎರಡನೇ ವರ್ಗದ ಸನ್ನೆ. ಕೀಲಿನಿಂದ ಅಡಿಕೆ 2 ಸೆಂಟಿಮೀಟರ್, ಕೈ 12 ಸೆಂಟಿಮೀಟರ್ ದೂರದಲ್ಲಿದ್ದರೆ ಕೈಯ ಬಲ ಅಡಿಕೆಯ ಮೇಲೆ ಆರು ಪಟ್ಟು ಬೀಳುತ್ತದೆ. ಎಂಬತ್ತರ ಹತ್ತಿರದ ಅಮ್ಮಿಯ ಬೆರಳುಗಳು ಕಲ್ಲಿನಂಥ ಅಡಿಕೆಯನ್ನು ಇವತ್ತಿಗೂ ಕತ್ತರಿಸುವುದು ಈ ಲೆಕ್ಕದಿಂದ. ಆದರೆ ಪುಕ್ಕಟೆ ಏನೂ ಇಲ್ಲ. ಅಡಿಕೆಯ ಬಳಿ ಅಲಗು ಒಂದು ನೂಲು ಸರಿಯಬೇಕಾದರೆ ಕೈ ಆರು ನೂಲು ಸರಿಯಬೇಕು. ಲಾರಿಗೆ ಮೂಟೆ ಏರಿಸುವ ಹಲಗೆಯದೂ ಇದೇ ಕಥೆ. ಒಂದು ಮೀಟರ್ ಎತ್ತರಕ್ಕೆ ನಾಲ್ಕು ಮೀಟರ್ ಉದ್ದದ ಹಲಗೆ ಹಾಕಿದರೆ, ತಿಕ್ಕಾಟವನ್ನು ಬಿಟ್ಟು ಲೆಕ್ಕ ಹಾಕಿದಾಗ, ಕಾಲು ಭಾಗ ಬಲ ಸಾಕು. ನಡೆಯುವುದು ಮಾತ್ರ ನಾಲ್ಕು ಪಟ್ಟು. ಯಂತ್ರ ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಹಗುರವಾಗುವಂತೆ ಹಂಚಿಕೊಡುತ್ತದೆ. ಬಾವಿಯ ಒಂಟಿ ರಾಟೆ ಬಲವನ್ನೂ ಉಳಿಸುವುದಿಲ್ಲ, ಮೇಲಕ್ಕೆ ಎಳೆಯಬೇಕಾದ್ದನ್ನು ಕೆಳಕ್ಕೆ ಎಳೆಯುವಂತೆ ಮಾಡುತ್ತದೆ, ಅಷ್ಟೆ. ನಮ್ಮ ಮೈಯ ಭಾರವೂ ನಮ್ಮ ಕಡೆಗೆ ಸೇರಿಕೊಳ್ಳುತ್ತದೆ.

ಇದನ್ನೆಲ್ಲ ಹೇಳುವಾಗ ಅಬ್ಬಾ ನೆನಪಾದರು. ನಮ್ಮದು ಚನ್ನಪಟ್ಟಣ. ಅಬ್ಬಾ ಗೊಂಬೆ ಕಡೆಯುತ್ತಿದ್ದರು. ಅವರ ಹುಡುಗಪ್ರಾಯದಲ್ಲಿ ಕೈ ಲೇತು. ಬಿಲ್ಲಿನಂಥ ಕೋಲಿನ ಹಗ್ಗವನ್ನು ಕದಿರಿಗೆ ಸುತ್ತಿ, ಒಂದು ಕೈಯಲ್ಲಿ ಅದನ್ನು ಹಿಂದಕ್ಕೆ ಮುಂದಕ್ಕೆ ಎಳೆಯುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿಯಬೇಕು. ಆಲೆಮರದ ತುಂಡು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುವುದರಿಂದ ಅರ್ಧ ಎಳೆತಕ್ಕೆ ಮಾತ್ರ ಉಳಿ ಕೆಲಸ ಮಾಡುತ್ತದೆ. ಆಮೇಲೆ ಮೋಟಾರು ಬಂತು, ಬೆಲ್ಟು ಬಂತು. ಮೋಟಾರಿನ ಗಾಲಿ ಕದಿರಿನ ಗಾಲಿಯ ಎರಡರಷ್ಟು ದಪ್ಪವಿದ್ದರೆ ಮರ ಎರಡರಷ್ಟು ವೇಗದಲ್ಲಿ ತಿರುಗುತ್ತದೆ ಎಂಬುದು ಅಬ್ಬಾಗೆ ಕೈಯಲ್ಲೇ ಗೊತ್ತಿತ್ತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣವಾಗಿ ಕೂಡುತ್ತದೆ. ಕರೆಂಟು ಚಲನೆಯಾಗಿ, ಚಲನೆ ಬಿಸಿಯಾಗಿ, ಬಿಸಿ ಬಣ್ಣ ಹಚ್ಚುತ್ತಿತ್ತು. ಶಾಲೆಯ ಪುಸ್ತಕದ ಒಂದು ಇಡೀ ಪಾಠ ನಮ್ಮ ಹಜಾರದಲ್ಲಿ ದಿನಾ ನಡೆಯುತ್ತಿತ್ತು. ಅದು ವಿಜ್ಞಾನ ಎಂದು ಯಾರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಎರಡನೇ ದಿನ ಹುಡುಗ ಅಬ್ಬಾ ಕಡೆದಿದ್ದ ಎರಡು ಗಾಡಿಗಳನ್ನು ಅಟ್ಟದಿಂದ ಇಳಿಸಿದ. ಒಂದು ಕೆಂಪು, ಒಂದು ಹಸಿರು. ಹಲಗೆಯ ಕೆಳಗೆ ಎರಡು ಪುಸ್ತಕ ಇಟ್ಟು ಕೆಂಪು ಗಾಡಿ ಬಿಟ್ಟ. ಇನ್ನೊಂದು ಪುಸ್ತಕ ಸೇರಿಸಿ ಹಸಿರು ಗಾಡಿ ಬಿಟ್ಟ. ಹಸಿರು ದೂರ ಹೋಯಿತು. “ಮಾಮು, ಹಸಿರೇ ಬೆಸ್ಟು” ಎಂದು ಕೂಗಿದ. ಹುಡುಗಿ ಪುಸ್ತಕದಿಂದ ತಲೆ ಎತ್ತಿ, “ಇದು ನ್ಯಾಯದ ಪ್ರಯೋಗ ಅಲ್ಲ. ಗಾಡೀನೂ ಬದಲಾಯಿಸಿದೆ, ಎತ್ತರಾನೂ ಬದಲಾಯಿಸಿದೆ. ಯಾವುದರಿಂದ ದೂರ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?” ಎಂದಳು. ಆಮೇಲೆ ಅವಳೇ ನಡೆಸಿದಳು. ಅದೇ ಹಲಗೆ, ಅದೇ ಎತ್ತರ, ಅದೇ ನೆಲ, ತಳ್ಳದೆ ಬರೀ ಬಿಡುವುದು. ಒಂದೊಂದು ಗಾಡಿಗೆ ಮೂರು ಸಲ. ಟೇಪಿನಿಂದ ಅಳೆದು ಸರಾಸರಿ ತೆಗೆದರೆ ಕೆಂಪು ಗಾಡಿಯೇ ಒಂದು ಗೇಣು ಮುಂದಿತ್ತು. ಬದಲಾಯಿಸುವುದು ಒಂದನ್ನೇ, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಪಾಠ ಇಷ್ಟೇ.

ಇಷ್ಟೇ ಪಾಠ ಅವತ್ತು ರಾತ್ರಿ ನಮ್ಮನ್ನು ಮಲಗಲು ಬಿಡಲಿಲ್ಲ.

ನಮ್ಮ ಬೀದಿಯ ಉರ್ದು ಶಾಲೆ ಏಳನೆಯವರೆಗೆ ಮಾತ್ರ ಇತ್ತು. ಎಂಟನೆಯದಕ್ಕೆ ನಾವು ಏಳು ಹುಡುಗರು ಕನ್ನಡ ಹೈಸ್ಕೂಲು ಸೇರಿದೆವು. ಕೊನೆಯ ಬೆಂಚೊಂದು ಯಾರೂ ಹೇಳದೆಯೇ ನಮ್ಮದಾಯಿತು. ಬೀದಿಯಲ್ಲಿ ಆಡುವ ಕನ್ನಡ ನಮಗೆ ಚೆನ್ನಾಗಿಯೇ ಬರುತ್ತಿತ್ತು, ಪುಸ್ತಕದ ಕನ್ನಡ ಬೇರೆ. ಬರ್ಕಿ ರೌ ಎಂದು ಓದಿದ್ದು ವಿದ್ಯುತ್ ಪ್ರವಾಹವಾಯಿತು, ಮೂಸಿಲ್ ಎಂದು ಕಲಿತದ್ದು ವಾಹಕವಾಯಿತು. ಒಂದು ದಿನ ಮೇಷ್ಟ್ರು ನಮ್ಮಲ್ಲೊಬ್ಬನನ್ನು ಎಬ್ಬಿಸಿ “ವಾಹಕ ಎಂದರೇನು?” ಎಂದು ಕೇಳಿದರು. ಅವನಿಗೆ ಸರ್ಕಾರಿ ಬಸ್ಸಿನೊಳಗೆ ಬರೆದಿರುತ್ತಿದ್ದ ‘ನಿರ್ವಾಹಕ’ ನೆನಪಾಯಿತು. “ಟಿಕೆಟ್ ಕೊಡೋರು ಸಾರ್” ಎಂದ. ತರಗತಿ ಬಿದ್ದು ಬಿದ್ದು ನಕ್ಕಿತು. ನಾವು ಆರು ಜನವೂ ನಕ್ಕೆವು. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಹೆಸರು, ಇಬ್ಬರೂ ಕಂಡಕ್ಟರೇ ಎಂದು ನಮಗಾಗಲಿ ಅವನಿಗಾಗಲಿ ಆಗ ಗೊತ್ತಿರಲಿಲ್ಲ. ಮೇಷ್ಟ್ರು ನಗಲಿಲ್ಲ. “ಉರ್ದು ಶಾಲೆಯವರ ತಲೆಗೆ ವಿಜ್ಞಾನ ಹತ್ತೋದಿಲ್ಲ” ಎಂದು ಕೂರಿಸಿದರು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ.

ಈಗ ಹುಡುಗಿಯ ಪಾಠದಂತೆ ಲೆಕ್ಕ ಹಾಕೋಣ. ಏಳರಿಂದ ಎಂಟಕ್ಕೆ ಬಂದಾಗ ಭಾಷೆ ಬದಲಾಯಿತು, ಶಾಲೆ ಬದಲಾಯಿತು, ಮೇಷ್ಟ್ರು ಬದಲಾದರು, ಪುಸ್ತಕ ಬದಲಾಯಿತು, ಪಕ್ಕದ ಗೆಳೆಯರು ಬದಲಾದರು. ಬದಲಾಗದೆ ಉಳಿದದ್ದು ನಮ್ಮ ತಲೆ ಒಂದೇ. ತೀರ್ಪು ಬಿದ್ದದ್ದು ಅದರ ಮೇಲೆಯೇ.

ಮೇಷ್ಟ್ರ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ತರಗತಿಯಲ್ಲಿ ಎಪ್ಪತ್ತು ಮಕ್ಕಳು. ಅವರಿಗೆ ಉರ್ದು ಬಾರದು. ನಮಗೆ ಏನು ಗೊತ್ತಿದೆ ಎಂದು ತಿಳಿಯಲು ಅವರ ಬಳಿ ಬೇರೆ ದಾರಿ ಇರಲಿಲ್ಲವೋ ಏನೋ. ಆದರೆ ದಾರಿ ಇತ್ತು ಎಂದು ಅದೇ ಶಾಲೆಯಲ್ಲಿ ಇನ್ನೊಬ್ಬ ಮೇಷ್ಟ್ರು ತೋರಿಸಿದರು. ಒಂಬತ್ತನೆಯದರಲ್ಲಿ ಅವರು ಟಾರ್ಚ್ ಸೆಲ್ಲು, ಬಲ್ಬು, ವೈರಿನ ತುಂಡು ತಂದು ಎಲ್ಲ ಬೆಂಚಿಗೂ ಹಂಚಿ, “ಮಾತು ಬೇಡ, ಉರಿಸಿ ತೋರಿಸಿ” ಎಂದರು. ಮೊದಲು ಬೆಳಗಿದ್ದು ಕೊನೆಯ ಬೆಂಚು. ನಾವು ಹಿರಿಹಿರಿ ಹಿಗ್ಗಿದೆವು. ಈಗ ಯೋಚಿಸಿದರೆ ಅದೂ ಪೂರಾ ನ್ಯಾಯದ ಪರೀಕ್ಷೆಯಲ್ಲ. ಸಂಜೆಯಾದರೆ ಲೇತಿನ ಅಂಗಡಿಗಳಲ್ಲಿ ಸ್ವಿಚ್ಚು, ವೈರು ಮುಟ್ಟುತ್ತಿದ್ದ ಕೈಗಳು ನಮ್ಮವು. ಆದರೂ ಒಂದಂತೂ ಸಾಬೀತಾಯಿತು, ತಲೆಗೆ ಹತ್ತದ್ದು ವಿಜ್ಞಾನವಲ್ಲ, ಶಬ್ದ. ಅದು ಸಾಬೀತಾಗುವ ಹೊತ್ತಿಗೆ ಆ ಬೆಂಚಿನಲ್ಲಿ ನಾವು ಆರೇ ಜನ ಇದ್ದೆವು.

ಉರ್ದುವಿನಲ್ಲಿ ಪ್ರಯೋಗಕ್ಕೂ ಅನುಭವಕ್ಕೂ ಒಂದೇ ಮಾತು, ತಜುರ್ಬಾ. ಕನ್ನಡ ಇವೆರಡನ್ನೂ ಬೇರೆ ಮಾಡಿತು. ಎರಡಕ್ಕೂ ಅದರದರ ಬೆಲೆ ಇದೆ. ಅನುಭವ ತಾನಾಗಿ ಬಂದು ಮೈಮೇಲೆ ಬೀಳುತ್ತದೆ. ಪ್ರಯೋಗವನ್ನು ನಾವೇ ಕಟ್ಟಬೇಕು. ಕ್ರಿ.ಶ. 965ರಲ್ಲಿ ಬಸ್ರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ಬೆಳಕನ್ನು ಕುರಿತು ‘ಕಿತಾಬುಲ್ ಮನಾಝಿರ್’ ಬರೆದರು. ಅದರಲ್ಲೊಂದು ಪ್ರಯೋಗವಿದೆ. ಒಂದು ಕಿಂಡಿಯ ಮುಂದೆ ಬೇರೆಬೇರೆ ಕಡೆ ಹಲವು ದೀಪಗಳನ್ನಿಟ್ಟರೆ ಕತ್ತಲೆ ಕೋಣೆಯ ಗೋಡೆಯ ಮೇಲೆ ಅಷ್ಟೇ ಬೆಳಕಿನ ಮಚ್ಚೆಗಳು ಬೀಳುತ್ತವೆ. ಒಂದು ದೀಪವನ್ನು ಮರೆಮಾಡಿದರೆ ಅದರ ಮಚ್ಚೆಯೊಂದೇ ಮಾಯವಾಗುತ್ತದೆ, ಮರೆ ತೆಗೆದರೆ ಮರಳುತ್ತದೆ. ಕಿಂಡಿಯಲ್ಲಿ ಕೂಡಿದರೂ ಬೆಳಕುಗಳು ಒಂದರಲ್ಲೊಂದು ಬೆರೆತುಹೋಗುವುದಿಲ್ಲ ಎಂದು ಅವರು ತೋರಿಸಿದ್ದು ಹೀಗೆ, ಒಂದನ್ನು ಮಾತ್ರ ಬದಲಾಯಿಸಿ. ಅವರ ಹೆಸರು ಹೇಳಿ ಎದೆಯುಬ್ಬಿಸುವುದನ್ನು ನಾವು ಜಲಸಾಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಎರಡು ದೀಪ ಹಚ್ಚಿ ಮಕ್ಕಳಿಗೆ ಅದನ್ನು ತೋರಿಸಿದ ಒಂದು ಜಲಸಾವನ್ನೂ ನೋಡಿಲ್ಲ.

ಮೂರನೇ ದಿನ ವಿದ್ಯುತ್. ಎರಡು ಸೆಲ್ಲು, ಒಂದು ಬಲ್ಬು. ನಡುವೆ ವೈರು ಬಿಡಿಸಿ ಸಿಕ್ಕಿದ್ದನ್ನೆಲ್ಲ ಇಟ್ಟು ನೋಡುವುದು. ಬೀಗದ ಕೈ, ಮೊಳೆ, ನಾಣ್ಯ ಉರಿಸಿದವು. ಗಾಜಿನ ಬಳೆ, ಮರದ ಗಾಡಿ, ಅರಗು ಉರಿಸಲಿಲ್ಲ. ಪೆನ್ಸಿಲಿನ ಕಡ್ಡಿ ಲೋಹವಲ್ಲದಿದ್ದರೂ ಬಲ್ಬನ್ನು ಮಂಕಾಗಿ ಉರಿಸಿತು. ಸಾಲಾಗಿ ಕಟ್ಟಿದ ಎರಡು ಬಲ್ಬುಗಳಲ್ಲಿ ಒಂದನ್ನು ಕಳಚಿದರೆ ಇನ್ನೊಂದೂ ಆರಿತು, ಮದುವೆಮನೆಯ ಹಳೆಯ ಸೀರಿಯಲ್ ಸೆಟ್ಟಿನ ಹಾಗೆ. ಬೇರೆಬೇರೆ ದಾರಿ ಮಾಡಿ ಕಟ್ಟಿದರೆ ಉಳಿದದ್ದು ಉರಿಯುತ್ತಲೇ ಇತ್ತು. ಗೋಡೆಯ ಪ್ಲಗ್ಗಿನ ಹತ್ತಿರ ಹೋಗಬೇಡಿ ಎಂದು ಮೂರು ಸಲ ಹೇಳಿದೆವು. ಸೆಲ್ಲಿನದು 1.5 ವೋಲ್ಟ್, ಗೋಡೆಯದು 230. ನಮ್ಮ ಮೈಯೂ, ಅದರಲ್ಲೂ ಒದ್ದೆ ಕೈ, ವಾಹಕವೇ.

ಇದರ ನಡುವೆ ಒಂದು ತಪ್ಪು ಮಾಡಿದೆವು. ಹುಡುಗನ ಕೈಗೆ ವೈರು ಕೊಟ್ಟು, ಹುಡುಗಿಗೆ “ನೀನು ಬರೆದುಕೋ ಬೇಟಿ, ನಿನ್ನ ಅಕ್ಷರ ಚೆನ್ನಾಗಿದೆ” ಎಂದೆವು. ಅವಳು ಪೆನ್ನು ಕೆಳಗಿಟ್ಟು, “ನಾಳೆ ಅವನಿಗೆ ಬರುತ್ತೆ ನನಗೆ ಬರಲ್ಲ ಅಂತ ಹೇಳೋಕಾ ಮಾಮು?” ಎಂದಳು. ಕೊನೆಯ ಬೆಂಚಿನಲ್ಲಿ ಕುಳಿತಿದ್ದವರು ನಾವು. ಆದರೂ ನಮ್ಮ ಮನೆಯಲ್ಲೇ ಒಂದು ಕೊನೆಯ ಬೆಂಚು ಹಾಕಿಟ್ಟಿದ್ದು ನಮಗೆ ಕಂಡಿರಲಿಲ್ಲ. ವೈರು ಅವಳ ಕೈಗೆ ಹೋಯಿತು. ಅವನ ಅಕ್ಷರ ಓದಲಾಗದಷ್ಟು ಕೆಟ್ಟದಾಗಿತ್ತು. ಇರಲಿ, ತಿದ್ದಿಕೊಳ್ಳುತ್ತಾನೆ.

ಟಿಕೆಟ್ ಕೊಡೋರು ಎಂದ ಹುಡುಗ ಈಗ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುಟ್ಟ ಮೋಟಾರಿನ ಹಳೆಯ ತಂತಿ ಬಿಚ್ಚಿ, ಸುತ್ತು ಎಣಿಸಿ, ಹೊಸ ತಾಮ್ರದ ತಂತಿ ಸುತ್ತುತ್ತಾನೆ. ನಾಲ್ಕನೇ ದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ತಂತಿಗೆ ತಂತಿ ತಾಗಿದರೂ ಕರೆಂಟು ಹಾದಿ ತಪ್ಪದಂತೆ ಮೇಲೆ ತೆಳುವಾಗಿ ಬಳಿದಿರುವ ಲೇಪ ತೋರಿಸಿದ. ಹಿಂದಿನ ಕಾಲದಲ್ಲಿ ಮೋಟಾರಿನ ಸುರುಳಿಗಳಿಗೆ ಅರಗಿನ ವಾರ್ನಿಷನ್ನೇ ಬಳಿಯುತ್ತಿದ್ದರು, ನಿಮ್ಮ ನಾನಾ ಗೊಂಬೆಗೆ ಹಚ್ಚುತ್ತಿದ್ದ ಅದೇ ಅರಗು ಎಂದ. ಹುಡುಗಿ ಅವನು ಹೇಳಿದ್ದನ್ನೆಲ್ಲ ಬರೆದುಕೊಂಡಳು, ಈ ಸಲ ತಾನಾಗಿಯೇ.

ಹೊರಡುವಾಗ ಅವಳು, “ಅಂಕಲ್, ನೀವು ಎಷ್ಟನೇ ಕ್ಲಾಸಿನವರೆಗೆ ಓದಿದ್ದು?” ಎಂದು ಕೇಳಿದಳು. ಅವನು ನಮ್ಮ ಮುಖ ನೋಡಿ ನಕ್ಕ. “ವಾಹಕದವರೆಗೆ” ಎಂದ.

ಈ ಸಲ ನಮಗೆ ನಗು ಬರಲಿಲ್ಲ.