ಕಾಲಿಗೆ ಬೇಕು, ಕಣ್ಣಿಗೆ ಬೇಡ

ಕೊಳ್ಳೇಗಾಲ, ಸೋಮವಾರ. ಹನೂರಿನಿಂದ ಸೋದರಮಾವ ಬಂದಿದ್ದಾರೆ. ಬಲಗಾಲಿನ ಹೆಬ್ಬೆರಳ ತುದಿ ಇದ್ದಿಲಿನಂತೆ ಕಪ್ಪಾಗಿದೆ, ಪಾದ ಮುಟ್ಟಿದರೆ ತಣ್ಣಗೆ. ರಾತ್ರಿ ಮಲಗಿದರೆ ನೋವು. ಕಾಲನ್ನು ಮಂಚದಿಂದ ಇಳಿಬಿಟ್ಟರೆ ಕೊಂಚ ಹಗುರವಂತೆ. "ಉರಿತದ ಕನವ್ವ" ಅಂದರು. ಶಿವರಾತ್ರಿಗೆ ಕೌದಳ್ಳಿ ದಾಟಿ, ತಾಳಬೆಟ್ಟ ಹತ್ತಿ, ಮಾದಪ್ಪನ ಸನ್ನಿಧಿಗೆ ಬರಿಗಾಲಲ್ಲಿ ನಡೆಯುತ್ತಿದ್ದ ಕಾಲು ಅದು. ಬೀಡಿಯೂ ಇದೆ, ಸಕ್ಕರೆ ಕಾಯಿಲೆಯೂ ಇದೆ. ಕಾಲಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು.

ಅದೇ ರಾತ್ರಿ. ಇಂಥ ಕಾಲಿಗೆಂದೇ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿ 'ಸ್ಟೆಂಪ್ಯೂಸೆಲ್' ತಯಾರಿಸಿದೆ. ಬೀಡಿ, ಸಿಗರೇಟು ಸೇದುವವರನ್ನು ಕಾಡುವ ಬರ್ಜರ್ ಕಾಯಿಲೆಗೆ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. 2020ರಲ್ಲಿ ಕೊಬ್ಬು ಕಟ್ಟಿ ಕಿರಿದಾದ ನಾಳಗಳಿಗೂ. ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯ ಆಕರಕೋಶಗಳನ್ನು ಒಟ್ಟುಗೂಡಿಸಿ ಬೆಳೆಸಿ, ಮೀನಖಂಡಕ್ಕೆ ಚುಚ್ಚುತ್ತಾರೆ. ಆ ಕೋಶಗಳೇ ನಾಳವಾಗುತ್ತವೆ ಅಂದುಕೊಂಡಿದ್ದೆ. ಹಾಗಲ್ಲ. ಅವು ವಿಇಜಿಎಫ್‌ನಂಥ ಪ್ರೋಟೀನುಗಳನ್ನು ಒಸರುತ್ತವೆ, ಅದಕ್ಕೆ ಓಗೊಟ್ಟು ಅಕ್ಕಪಕ್ಕದ ನಾಳಗಳು ಕವಲೊಡೆಯುತ್ತವೆ. ಈ ಕೋಶಗಳ ಜೀನನ್ನು ಯಾರೂ ತಿದ್ದಿಲ್ಲ. ತಿದ್ದಿ, ವಿಇಜಿಎಫ್ ಹೆಚ್ಚು ಒಸರುವಂತೆ ಮಾಡುವ ಕೆಲಸ ಪ್ರಯೋಗಾಲಯಗಳಲ್ಲಿ ನಡೆದಿದೆ. ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ?

ಯಳಂದೂರು, ಬುಧವಾರ. ಚಿಕ್ಕಮ್ಮನಿಗೂ ಸಕ್ಕರೆ. ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದಾರೆ. ಯಾಕೆ ಅಂದರೆ, ಕಣ್ಣಿನ ಅಕ್ಷಿಪಟಲದಲ್ಲಿ ಬೇಡದ ಹೊಸ ನಾಳಗಳು ಹುಟ್ಟಿ, ಒಡೆದು, ರಕ್ತ ಸೋರುತ್ತಿದೆ. ಇಂಜೆಕ್ಷನ್ ಕಟ್ಟಿಹಾಕುವುದು ಯಾವುದನ್ನು? ವಿಇಜಿಎಫ್ ಅನ್ನೇ! 1989ರಲ್ಲಿ ನೆಪೋಲಿಯೋನ್ ಫೆರಾರ ಮತ್ತು ಸಂಗಡಿಗರು ಬೇರ್ಪಡಿಸಿ ಗುರುತಿಸಿದ ಅದೇ ಪ್ರೋಟೀನು. ಮಾವನ ಕಾಲಿಗೆ ಬೇಕಾದದ್ದು ಚಿಕ್ಕಮ್ಮನ ಕಣ್ಣಿಗೆ ಬೇಡ. ಮಾವನ ಕಣ್ಣನ್ನು ಈವರೆಗೆ ಯಾರೂ ಪರೀಕ್ಷಿಸಿಲ್ಲ ಎಂಬುದು ಆಗ ಹೊಳೆದು ಎದೆ ಧಸಕ್ಕೆಂದಿತು. ನಾಳ ಬೆಳೆಸುವ ಜೀನ್ ಚಿಕಿತ್ಸೆಯ ಪ್ರಯೋಗಗಳಿಗೆ ಇಂಥ ಕಣ್ಣಿನವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ.

ಸಂಜೆ, ಸುವರ್ಣಾವತಿ ನಾಲೆಯ ಬದಿ. ನೀರುಗಂಟಿ ಒಂದು ಗದ್ದೆಗೆ ನೀರು ತಿರುಗಿಸಿ, ತುಂಬಿದ್ದೇ ಮಣ್ಣು ಎಳೆದು ಬಾಯಿ ಮುಚ್ಚಿದ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ವಿಇಜಿಎಫ್ ಅತಿಯಾದರೆ ನಾಳಗಳು ಸಿಕ್ಕುಸಿಕ್ಕಾಗಿ, ಗಂಟಾಗಿ, ಸೋರಿವೆ. ಹಾಗಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಾಗಷ್ಟೇ ವಿಇಜಿಎಫ್ ಜೀನ್ ಕೆಲಸ ಮಾಡುವಂತೆ ಕೋಶ ಕಟ್ಟಲು ಕೆಲವರು ಹೊರಟಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಆ ಕೆಲಸವೇ. ಬೆಳೆಸುವುದು ಗೊತ್ತಾಗಿದೆ, ಬೆಳೆದದ್ದು ಎಲ್ಲಿ ನಿಲ್ಲಬೇಕು?

ಗುರುವಾರ. ಮಾವನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬೇಕು. ಅಂಗಿ ಜೇಬಿನ ಬೀಡಿ ಕಟ್ಟನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟರು. ಬೆಂಕಿಪೊಟ್ಟಣ ಕೊಡಲಿಲ್ಲ.